ವಾರದ ಲೆಕ್ಕ, ವಾಕ್ಯದ ಲೆಕ್ಕ: ಡಾಬ್ಸ್ ತೀರ್ಪಿನ ನಂತರ ಅಮೆರಿಕದ ರಾಜ್ಯಗಳಲ್ಲಿ ಗರ್ಭಪಾತ ಕಾನೂನು

2011ರ ನವೆಂಬರ್‌ನಲ್ಲಿ ಮಿಸಿಸಿಪ್ಪಿಯ ಮತದಾರರ ಮುಂದೆ ಒಂದು ಪ್ರಶ್ನೆ ಬಂತು. ಅಂಡ ಫಲಿತಗೊಂಡ ಕ್ಷಣದಿಂದಲೇ ಅದನ್ನು ‘ವ್ಯಕ್ತಿ’ ಎಂದು ರಾಜ್ಯದ ಸಂವಿಧಾನ ಪರಿಗಣಿಸಬೇಕೆ? ಚರ್ಚಿನ ಗಂಟೆಗೆ ಓಗೊಡುವ ಆ ರಾಜ್ಯದಲ್ಲಿ ಶೇ 58ರಷ್ಟು ಜನ ಬೇಡವೆಂದರು. 2018ರಲ್ಲಿ ಅದೇ ರಾಜ್ಯದ ಶಾಸಕಾಂಗ 15 ವಾರ ದಾಟಿದ ಗರ್ಭಪಾತವನ್ನು ನಿಷೇಧಿಸುವ ಕಾಯ್ದೆ ಮಾಡಿತು. 2021ರ ಮೇ ತಿಂಗಳಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ, ಜನರೇ ಸಹಿ ಸಂಗ್ರಹಿಸಿ ಸಂವಿಧಾನ ತಿದ್ದುಪಡಿಯನ್ನು ಮತಕ್ಕೆ ತರುವ ವ್ಯವಸ್ಥೆಯೇ ಇನ್ನು ನಡೆಯದು ಎಂದಿತು. ಆ ಮೊಕದ್ದಮೆ ಗರ್ಭಪಾತದ್ದಲ್ಲ, ಔಷಧೀಯ ಗಾಂಜಾದ್ದು. ಐದು ಸಂಸದೀಯ ಕ್ಷೇತ್ರಗಳಿಂದ ಸಹಿ ಬೇಕೆಂದು ನಿಯಮವಿತ್ತು. ಜನಗಣತಿಯ ನಂತರ ರಾಜ್ಯಕ್ಕೆ ಉಳಿದದ್ದು ನಾಲ್ಕೇ ಕ್ಷೇತ್ರ. ಮರುವರ್ಷ, 2022ರ ಜೂನ್ 24ರಂದು, ಮಿಸಿಸಿಪ್ಪಿಯ ಆ 15 ವಾರದ ಕಾಯ್ದೆಯ ಮೇಲಿನ ಡಾಬ್ಸ್ ಪ್ರಕರಣದಲ್ಲಿ ಅಮೆರಿಕದ ಸುಪ್ರೀಂ ಕೋರ್ಟ್ ಗರ್ಭಪಾತದ ಪ್ರಶ್ನೆಯನ್ನು ಜನರಿಗೂ ಅವರ ಪ್ರತಿನಿಧಿಗಳಿಗೂ ಮರಳಿಸಿತು. ಮರಳಿಸಿದ್ದನ್ನು ಪಡೆಯಲು ಮಿಸಿಸಿಪ್ಪಿಯ ಜನರ ಕೈಯಲ್ಲಿ ಪಾತ್ರೆಯೇ ಇರಲಿಲ್ಲ.

ರಾಜ್ಯರಾಜ್ಯಗಳ ನಡುವಿನ ವ್ಯತ್ಯಾಸವನ್ನು ಸಾಮಾನ್ಯವಾಗಿ ಎರಡು ಬಣ್ಣದ ಭೂಪಟದಲ್ಲಿ ತೋರಿಸುತ್ತಾರೆ: ಇಲ್ಲಿ ನಿಷೇಧ, ಅಲ್ಲಿ ಅನುಮತಿ. ಆ ಪಟ ನೋಡಿದವರಿಗೆ ಇದು ಜನಾಭಿಪ್ರಾಯದ ಪಟ ಎನಿಸುವುದು ಸಹಜ. ಈ ಲೇಖನದ ವಾದ ಬೇರೆ. ಈ ವ್ಯತ್ಯಾಸದ ದೊಡ್ಡ ಭಾಗ ಹುಟ್ಟಿರುವುದು ಜನರ ನೈತಿಕ ನಿಲುವಿನಿಂದಲ್ಲ. ಹಳೆಯ ಕಾಯ್ದೆಗಳ ಉಳಿಕೆ, ವಿನಾಯಿತಿಯ ವಾಕ್ಯರಚನೆ, ಸಂವಿಧಾನ ತಿದ್ದುವ ವಿಧಾನ ಇಂಥ ಕಾನೂನಿನ ಯಂತ್ರಭಾಗಗಳಿಂದ. ಹಾಗಾಗಿ ‘ಎಷ್ಟು ವಾರ’ ಎಂದು ಕೇಳುವ ಮೊದಲು ‘ಯಾವ ವಾಕ್ಯ, ಯಾರ ಕೈಯಲ್ಲಿ’ ಎಂದು ಕೇಳಬೇಕಾಗುತ್ತದೆ.

ಹಿನ್ನೆಲೆಯನ್ನು ಚಿಕ್ಕದಾಗಿ ಹೇಳಿಬಿಡಬಹುದು. 1973ರ ರೋ ತೀರ್ಪಿಗೆ ಮೊದಲೂ ರಾಜ್ಯಗಳ ಕಾನೂನು ಒಂದೇ ಆಗಿರಲಿಲ್ಲ. 1967ರಲ್ಲಿ ಕೊಲೊರಾಡೊ ಸಡಿಲಿಸಿತು, 1970ರಲ್ಲಿ ನ್ಯೂಯಾರ್ಕ್ 24 ವಾರದವರೆಗೆ ಅವಕಾಶ ಕೊಟ್ಟಿತು. ರೋ ತೀರ್ಪು ದೇಶಕ್ಕೆಲ್ಲ ಒಂದು ನೆಲಗಟ್ಟು ಹಾಕಿತು: ಭ್ರೂಣ ಗರ್ಭದ ಹೊರಗೆ ಬದುಕಬಲ್ಲ ಹಂತದವರೆಗೆ ಯಾವ ರಾಜ್ಯವೂ ಗರ್ಭಪಾತವನ್ನು ಪೂರ್ಣ ನಿಷೇಧಿಸುವಂತಿಲ್ಲ. 1992ರ ಕೇಸಿ ತೀರ್ಪು ಆ ನೆಲಗಟ್ಟನ್ನು ಉಳಿಸಿಕೊಂಡೇ ಕಾಯುವ ಅವಧಿ, ತಂದೆತಾಯಿಯ ಒಪ್ಪಿಗೆ ಮುಂತಾದ ನಿರ್ಬಂಧಗಳಿಗೆ ಬಾಗಿಲು ತೆರೆಯಿತು. ಡಾಬ್ಸ್ ಆ ನೆಲಗಟ್ಟನ್ನೇ ಕಿತ್ತಿತು.

ಕಿತ್ತ ಜಾಗದಲ್ಲಿ ಕಾಣಿಸಿದ್ದು ಖಾಲಿ ನೆಲವಲ್ಲ. 13 ರಾಜ್ಯಗಳು ‘ಟ್ರಿಗರ್’ ಕಾಯ್ದೆಗಳನ್ನು ಮೊದಲೇ ಮಾಡಿಟ್ಟಿದ್ದವು. ರೋ ಬಿದ್ದರೆ ಜಾರಿಗೆ ಬರತಕ್ಕದ್ದು ಎಂಬ ಷರತ್ತಿನ ಕಾಯ್ದೆಗಳಿವು, ಒಣಬಿತ್ತನೆ ಮಾಡಿ ಮಳೆಗೆ ಕಾಯುವ ರೈತನ ಲೆಕ್ಕಾಚಾರದಂತೆ. ದಕ್ಷಿಣ ಡಕೋಟಾ 2005ರಲ್ಲಿ, ಲೂಸಿಯಾನಾ 2006ರಲ್ಲಿ, ಟೆಕ್ಸಾಸ್ 2021ರಲ್ಲಿ ಬಿತ್ತಿದ್ದವು. ಇದಕ್ಕಿಂತ ವಿಚಿತ್ರ, ರದ್ದಾಗದೆ ಉಳಿದ ಹಳೆಯ ಕಾಯ್ದೆಗಳದು. ಸುಪ್ರೀಂ ಕೋರ್ಟ್ ಒಂದು ಕಾಯ್ದೆಯನ್ನು ಅಸಾಂವಿಧಾನಿಕ ಎಂದರೆ ಅದು ಜಾರಿಯಾಗುವುದು ನಿಲ್ಲುತ್ತದೆ. ಶಾಸಕಾಂಗ ಅಳಿಸುವವರೆಗೆ ಪುಸ್ತಕದಲ್ಲಿ ಉಳಿದೇ ಇರುತ್ತದೆ. ಅರಿಜೋನಾದಲ್ಲಿ ಹಾಗೆ ಉಳಿದದ್ದು 1864ರ ಕಾಯ್ದೆ. ಅಂದು ಅರಿಜೋನಾ ರಾಜ್ಯವೇ ಆಗಿರಲಿಲ್ಲ; ಅದು ರಾಜ್ಯವಾದದ್ದು 1912ರಲ್ಲಿ. ಆದರೂ 2024ರ ಏಪ್ರಿಲ್‌ನಲ್ಲಿ ಅಲ್ಲಿನ ಸರ್ವೋಚ್ಚ ನ್ಯಾಯಾಲಯ ಅದನ್ನು ಜಾರಿ ಮಾಡಬಹುದೆಂದಿತು. ಕೆಲವೇ ವಾರಗಳಲ್ಲಿ ಶಾಸಕಾಂಗ ಅದನ್ನು ರದ್ದು ಮಾಡಿತು, ನವೆಂಬರ್‌ನಲ್ಲಿ ಮತದಾರರು ಹಕ್ಕನ್ನು ಸಂವಿಧಾನಕ್ಕೇ ಸೇರಿಸಿದರು. ವಿಸ್ಕಾನ್ಸಿನ್‌ನ 1849ರ ಕಾಯ್ದೆಯ ಹಣೆಬರಹ ಬೇರೆ: 2025ರ ಜುಲೈನಲ್ಲಿ ಅಲ್ಲಿನ ನ್ಯಾಯಾಲಯ 4–3ರ ಅಂತರದಲ್ಲಿ, ನಂತರ ಬಂದ ವಿವರವಾದ ಕಾಯ್ದೆಗಳೇ ಹಳೆಯದನ್ನು ನುಂಗಿಹಾಕಿವೆ ಎಂದಿತು. ಎರಡೂ ರಾಜ್ಯಗಳಲ್ಲಿ ಹತ್ತೊಂಬತ್ತನೆಯ ಶತಮಾನದ ಕಾಯ್ದೆ, ಎರಡೂ ಕಡೆ ಹೊಸ ಕಾಯ್ದೆಗಳ ಪದರ, ಉತ್ತರ ಮಾತ್ರ ತದ್ವಿರುದ್ಧ. ಇದನ್ನು ಜನಾಭಿಪ್ರಾಯದ ವ್ಯತ್ಯಾಸವೆಂದು ಹೇಗೆ ಓದುವುದು?

ಇನ್ನು ವಾರಗಳ ವಿಷಯ. ನಮ್ಮಲ್ಲಿ ಹೆಂಗಸರು ಬಸಿರಿನ ಲೆಕ್ಕ ಹಿಡಿಯುವುದು ಮುಟ್ಟು ನಿಂತಲ್ಲಿಂದ. ‘ಮುಟ್ಟು ನಿಂತು ಎರಡು ತಿಂಗಳಾಯಿತು’ ಎನ್ನುತ್ತಾರೆ. ವೈದ್ಯರ ಲೆಕ್ಕ, ಅದನ್ನು ಅನುಸರಿಸುವ ಹೆಚ್ಚಿನ ಕಾಯ್ದೆಗಳ ಲೆಕ್ಕ, ಕೊನೆಯ ಮುಟ್ಟಿನ ಮೊದಲ ದಿನದಿಂದ; ಅಂದರೆ ಗರ್ಭ ಕಟ್ಟುವುದಕ್ಕೂ ಸುಮಾರು ಎರಡು ವಾರ ಮೊದಲಿನಿಂದ. ಜಾರ್ಜಿಯಾ, ದಕ್ಷಿಣ ಕ್ಯಾರೊಲಿನಾ, ಫ್ಲಾರಿಡಾ, ಅಯೋವಾ ರಾಜ್ಯಗಳ ‘ಆರು ವಾರ’ವನ್ನು ನಮ್ಮ ಮನೆಮಾತಿಗೆ ತಂದರೆ, ಮುಟ್ಟು ತಪ್ಪಿ ಹದಿನೈದು ದಿನ. ಮುಟ್ಟು ಏರುಪೇರಾಗುವವರಿಗೆ ಆ ಹದಿನೈದು ದಿನವೂ ಇಲ್ಲ. ವಿಸ್ಕಾನ್ಸಿನ್‌ನ 20 ವಾರ ಮಾತ್ರ ಗರ್ಭ ಫಲಿಸಿದ ದಿನದಿಂದ ಎಣಿಸುವಂಥದ್ದು. ಉಳಿದವರ ಎಣಿಕೆಯಲ್ಲಿ ಅದು 22. ನೆಬ್ರಾಸ್ಕಾ, ಉತ್ತರ ಕ್ಯಾರೊಲಿನಾಗಳಲ್ಲಿ 12 ವಾರ. ಒರೆಗಾನ್, ಕೊಲೊರಾಡೊ, ನ್ಯೂಜೆರ್ಸಿ, ನ್ಯೂಮೆಕ್ಸಿಕೊಗಳಲ್ಲಿ ಕಾಯ್ದೆ ವಾರದ ಮಿತಿಯನ್ನೇ ಹಾಕಿಲ್ಲ. ಅಂಕಿಗಳನ್ನು ಸಾಲಾಗಿ ಬರೆದಾಗ ಏಣಿಯ ಮೆಟ್ಟಿಲುಗಳಂತೆ ಕಾಣುತ್ತವೆ. ಆದರೆ ಎಣಿಕೆಯ ಆರಂಭಬಿಂದುವೇ ಒಂದಾಗಿಲ್ಲದಾಗ ಮೆಟ್ಟಿಲುಗಳನ್ನು ಹೋಲಿಸುವುದು ಕಷ್ಟ.

ನಿಷೇಧ ಪೂರ್ಣವಾಗಿರುವ ಕಡೆ ನಿಜವಾದ ಕಾನೂನು ಇರುವುದು ವಿನಾಯಿತಿಯಲ್ಲಿ. ಅಲಬಾಮಾ, ಟೆಕ್ಸಾಸ್, ಟೆನೆಸಿ, ಇಂಡಿಯಾನಾ, ಐಡಹೊ ಸೇರಿ ಎಲ್ಲ ನಿಷೇಧದ ರಾಜ್ಯಗಳೂ ತಾಯಿಯ ಜೀವ ಉಳಿಸಲು ಗರ್ಭಪಾತಕ್ಕೆ ಒಪ್ಪುತ್ತವೆ. ಅದರಾಚೆಗೆ ಒಂದೊಂದರದು ಒಂದೊಂದು ಹಾದಿ. ಅತ್ಯಾಚಾರದಿಂದಾದ ಗರ್ಭಕ್ಕೆ ಟೆಕ್ಸಾಸ್, ಅಲಬಾಮಾಗಳಲ್ಲಿ ವಿನಾಯಿತಿಯೇ ಇಲ್ಲ. ಮಿಸಿಸಿಪ್ಪಿ, ಐಡಹೊಗಳಲ್ಲಿ ಉಂಟು, ಆದರೆ ಪೊಲೀಸರಿಗೆ ದೂರು ಹೋಗಿರಬೇಕು. ಐಡಹೊ ಕಾಯ್ದೆ ‘ಸಾವನ್ನು ತಪ್ಪಿಸಲು’ ಎನ್ನುತ್ತದೆ, ‘ಆರೋಗ್ಯ’ ಎಂಬ ಪದ ಅಲ್ಲಿಲ್ಲ. ತುರ್ತು ಚಿಕಿತ್ಸೆ ನಿರಾಕರಿಸಬಾರದೆಂಬ 1986ರ ಒಕ್ಕೂಟದ ಕಾಯ್ದೆಗೂ ಇದಕ್ಕೂ ಬಿದ್ದ ಜಗಳ ಸುಪ್ರೀಂ ಕೋರ್ಟಿನವರೆಗೆ ಹೋಯಿತು. 2024ರ ಜೂನ್‌ನಲ್ಲಿ ನ್ಯಾಯಾಲಯ ತಿರುಳಿಗೆ ಕೈಹಾಕದೆ ಪ್ರಕರಣವನ್ನು ಹಿಂದಕ್ಕೆ ಕಳಿಸಿತು. ಟೆಕ್ಸಾಸ್‌ನಲ್ಲಿ ತಪ್ಪು ಮಾಡಿದ ವೈದ್ಯನಿಗೆ ಜೀವಾವಧಿಯವರೆಗೆ ಶಿಕ್ಷೆ, ಕನಿಷ್ಠ ಒಂದು ಲಕ್ಷ ಡಾಲರ್ ದಂಡ. ಇಷ್ಟು ಭಾರದ ಕತ್ತಿ ತಲೆಯ ಮೇಲೆ ತೂಗುವಾಗ, ‘ಜೀವಕ್ಕೆ ಅಪಾಯ’ ಎಂಬುದು ಯಾವ ಗಳಿಗೆಯಲ್ಲಿ ಶುರುವಾಗುತ್ತದೆ ಎಂಬುದನ್ನು ವೈದ್ಯರು ವಕೀಲರಿಗೆ ಫೋನು ಮಾಡಿ ಕೇಳುವ ಸ್ಥಿತಿ ಬಂತು. 2024ರ ಮೇ 31ರ ಝುರಾವ್ಸ್ಕಿ ತೀರ್ಪಿನಲ್ಲಿ ಟೆಕ್ಸಾಸ್‌ನ ಸರ್ವೋಚ್ಚ ನ್ಯಾಯಾಲಯ, ಸಾವು ತೀರಾ ಹತ್ತಿರ ಬರುವವರೆಗೆ ಕಾಯಬೇಕಿಲ್ಲ ಎಂದಿತು. ಕಾಯ್ದೆಯಲ್ಲಿ ಅಸ್ಪಷ್ಟತೆ ಇದೆಯೆಂಬ ವಾದವನ್ನು ಮಾತ್ರ ಒಪ್ಪಲಿಲ್ಲ. ಮರುವರ್ಷ ಶಾಸಕಾಂಗವೇ ವಿನಾಯಿತಿಯನ್ನು ಬಿಡಿಸಿ ಹೇಳುವ ತಿದ್ದುಪಡಿ ತಂದಿತು. ಅಸ್ಪಷ್ಟತೆ ಇಲ್ಲದ ವಾಕ್ಯಕ್ಕೆ ಸ್ಪಷ್ಟನೆ ಏಕೆ ಬೇಕಾಯಿತು ಎಂದು ಕೇಳುವುದು ತರ್ಕದ ಹಠವಲ್ಲ.

ಕನ್ನಡ ಓದುಗರಿಗೆ ಇದು ದೂರದ ಸಂಗತಿಯಲ್ಲ. ಬೆಳಗಾವಿಯ ಸವಿತಾ ಹಾಲಪ್ಪನವರ್ 2012ರ ಅಕ್ಟೋಬರ್ 28ರಂದು ಐರ್ಲೆಂಡಿನ ಗಾಲ್ವೇಯಲ್ಲಿ ತೀರಿಕೊಂಡರು. 17 ವಾರದ ಗರ್ಭ ಉಳಿಯುವುದಿಲ್ಲವೆಂದು ಗೊತ್ತಾಗಿತ್ತು; ಭ್ರೂಣದ ಎದೆಬಡಿತ ಇನ್ನೂ ಇದೆಯೆಂದು ವೈದ್ಯರು ಕಾದರು; ನಂಜು ರಕ್ತಕ್ಕೇರಿತು. ಆಗ ಐರ್ಲೆಂಡಿನಲ್ಲೂ ತಾಯಿಯ ಜೀವಕ್ಕೆ ಅಪಾಯವಿದ್ದರೆ ಗರ್ಭಪಾತಕ್ಕೆ ಅವಕಾಶ ಇತ್ತು, 1992ರ ತೀರ್ಪೊಂದು ಅದನ್ನು ಹೇಳಿತ್ತು. ಇಲ್ಲದಿದ್ದದ್ದು ವಿನಾಯಿತಿಯಲ್ಲ, ಅದನ್ನು ಧೈರ್ಯದಿಂದ ಬಳಸಬಹುದಾದ ವಾಕ್ಯ. 2018ರಲ್ಲಿ ಐರಿಷ್ ಜನ ಶೇ 66ರಷ್ಟು ಮತದಿಂದ ಸಂವಿಧಾನದ ನಿಷೇಧವನ್ನು ತೆಗೆದುಹಾಕಿದರು. ಟೆಕ್ಸಾಸ್, ಐಡಹೊಗಳ ಇಂದಿನ ವಾದವಿವಾದವನ್ನು ಓದುವಾಗ ಗಾಲ್ವೇಯ ಆ ವಾರ್ಡು ಕಣ್ಮುಂದೆ ಬಾರದಿರುವುದಿಲ್ಲ.

ಭಾಷೆಯ ಒಂದು ತೊಡಕನ್ನೂ ಇಲ್ಲಿಯೇ ಹೇಳಬೇಕು. ಕನ್ನಡದಲ್ಲಿ ‘ಗರ್ಭಪಾತ’ ಎಂದರೆ ತಾನಾಗಿ ಆದದ್ದೂ ಹೌದು, ಮಾಡಿಸಿದ್ದೂ ಹೌದು. ಮನೆಮಾತಿನಲ್ಲಿ ‘ಗರ್ಭ ನಿಲ್ಲಲಿಲ್ಲ’, ‘ತೆಗೆಸಿದರು’ ಎಂದು ಬೇರ್ಪಡಿಸುತ್ತೇವೆ. ಕಾನೂನಿಗೆ ಈ ಬೇರ್ಪಡಿಕೆ ಸುಲಭ, ಚಿಕಿತ್ಸೆಗೆ ಅಲ್ಲ. ಎರಡಕ್ಕೂ ಬಳಸುವ ಮಾತ್ರೆ ಮಿಸೊಪ್ರೊಸ್ಟಾಲ್, ಎರಡಕ್ಕೂ ಮಾಡುವ ಶಸ್ತ್ರಕ್ರಿಯೆ ಒಂದೇ. 2024ರ ಅಕ್ಟೋಬರ್‌ನಿಂದ ಲೂಸಿಯಾನಾ ಈ ಮಾತ್ರೆಯನ್ನೂ ಗರ್ಭಪಾತದ ಇನ್ನೊಂದು ಮಾತ್ರೆ ಮಿಫೆಪ್ರಿಸ್ಟೋನನ್ನೂ ನಿಯಂತ್ರಿತ ವಸ್ತುಗಳ ಪಟ್ಟಿಗೆ ಸೇರಿಸಿತು. ಹೆರಿಗೆಯ ನಂತರದ ರಕ್ತಸ್ರಾವ ನಿಲ್ಲಿಸಲು ಕೈಗೆಟುಕುವಂತೆ ಇಡುತ್ತಿದ್ದ ಮಿಸೊಪ್ರೊಸ್ಟಾಲ್ ಹೀಗೆ ಬೀಗ ಹಾಕಿದ ಕಪಾಟು ಸೇರಿತು.

ತೀರ್ಮಾನ ಮಾಡುವವರು ಯಾರು ಎಂಬ ಪ್ರಶ್ನೆಯಲ್ಲಿ ನನ್ನ ವಾದಕ್ಕೆ ಗಟ್ಟಿ ಸಾಕ್ಷ್ಯ ಸಿಗುತ್ತದೆ. 2022ರ ಆಗಸ್ಟ್‌ನಲ್ಲಿ ರಿಪಬ್ಲಿಕನ್ ಕೋಟೆಯಾದ ಕ್ಯಾನ್ಸಸ್‌ನ ಮತದಾರರು, ಹಕ್ಕನ್ನು ತೆಗೆಯುವ ತಿದ್ದುಪಡಿಯನ್ನು ಶೇ 59ರಷ್ಟು ಮತದಿಂದ ತಿರಸ್ಕರಿಸಿದರು. 2023ರಲ್ಲಿ ಒಹಾಯೊ ಶೇ 57ರಷ್ಟು ಮತದಿಂದ ಹಕ್ಕನ್ನು ಸಂವಿಧಾನದಲ್ಲಿ ಬರೆಯಿತು. 2024ರಲ್ಲಿ ಫ್ಲಾರಿಡಾದಲ್ಲೂ ಹಕ್ಕಿನ ಪರ ಬಿದ್ದದ್ದು ಶೇ 57. ಆದರೆ ಅಲ್ಲಿ ತಿದ್ದುಪಡಿಗೆ ಶೇ 60 ಬೇಕು. ಪ್ರಸ್ತಾಪ ಬಿತ್ತು, ಆರು ವಾರದ ನಿಷೇಧ ಉಳಿಯಿತು. ಒಂದೇ ಪ್ರಮಾಣದ ಜನಾಭಿಪ್ರಾಯ, ಎರಡು ರಾಜ್ಯ, ಎರಡು ಕಾನೂನು. (ಫ್ಲಾರಿಡಾ ಈ ಶೇ 60ರ ನಿಯಮವನ್ನು ಒಪ್ಪಿದ್ದು 2006ರಲ್ಲಿ, ಶೇ 58ಕ್ಕೂ ತುಸು ಕಡಿಮೆ ಮತದಿಂದ!) ಒಹಾಯೊದ ಶಾಸಕರೂ ಅದೇ ಮಿತಿ ತರಲು 2023ರ ಆಗಸ್ಟ್‌ನಲ್ಲಿ ಯತ್ನಿಸಿ ಮತದಾರರ ಮುಂದೆ ಸೋತರು, ಗೆದ್ದಿದ್ದರೆ ನವೆಂಬರ್‌ನ ಫಲಿತಾಂಶ ಫ್ಲಾರಿಡಾದಂತೆಯೇ ಆಗುತ್ತಿತ್ತು. ಟೆಕ್ಸಾಸ್, ಜಾರ್ಜಿಯಾ, ಅಲಬಾಮಾ, ಟೆನೆಸಿಗಳಲ್ಲಿ ಜನರೇ ತಿದ್ದುಪಡಿ ಮಂಡಿಸುವ ದಾರಿ ಮೊದಲಿನಿಂದಲೂ ಇಲ್ಲ. ವಯೋಮಿಂಗ್‌ನದು ಮತ್ತೂ ಸ್ವಾರಸ್ಯ. ಒಬಾಮ ಅವರ ಆರೋಗ್ಯ ವಿಮಾ ಕಾಯ್ದೆಯ ಮೇಲಿನ ಸಿಟ್ಟಿಗೆ ಅಲ್ಲಿನವರು 2012ರಲ್ಲಿ, ತನ್ನ ಆರೋಗ್ಯದ ನಿರ್ಧಾರ ತನ್ನದೇ ಎಂಬ ಹಕ್ಕನ್ನು ಸಂವಿಧಾನಕ್ಕೆ ಸೇರಿಸಿದರು. 2024ರ ನವೆಂಬರ್‌ನಲ್ಲಿ ಅಲ್ಲಿನ ನ್ಯಾಯಾಧೀಶರೊಬ್ಬರು ಅದೇ ಸಾಲನ್ನು ಹಿಡಿದು ಗರ್ಭಪಾತದ ನಿಷೇಧವನ್ನು ಹೊಡೆದುಹಾಕಿದರು.

ಗಡಿ ದಾಟಿದರೆ ಕಾನೂನು ಬದಲಾಗುವುದಾದರೆ, ಗಡಿ ದಾಟಬಲ್ಲವರಿಗೆ ಮಾತ್ರ ಆ ಬದಲಾವಣೆ. ಡಾಬ್ಸ್ ಪ್ರಕರಣದ ಕಕ್ಷಿಯಾಗಿದ್ದ ಜಾಕ್ಸನ್ ನಗರದ ಚಿಕಿತ್ಸಾಲಯ ಮುಚ್ಚಿತು; ಅದರ ಒಡತಿ ನ್ಯೂಮೆಕ್ಸಿಕೊದ ಲಾಸ್ ಕ್ರೂಸೆಸ್‌ನಲ್ಲಿ ಇನ್ನೊಂದನ್ನು ತೆರೆದರು. ಇಲಿನಾಯ್ಸ್‌ನ ದಕ್ಷಿಣ ತುದಿಯ ಕಾರ್ಬಂಡೇಲ್ ಎಂಬ ಪುಟ್ಟ ಊರು ಟೆನೆಸಿ, ಕೆಂಟಕಿಗಳಿಂದ ಬರುವವರ ತಂಗುದಾಣವಾಯಿತು. ಕೆಲಸದ ವೀಸಾದ ಮೇಲೆ ಡಲ್ಲಾಸ್‌ನಲ್ಲೋ ಅಟ್ಲಾಂಟಾದಲ್ಲೋ ಸಂಸಾರ ಹೂಡಿದ ಕನ್ನಡಿಗರಿಗೆ ವಿಮಾನದ ಟಿಕೆಟ್ಟು ಕೈಗೆಟುಕದ್ದೇನಲ್ಲ. ರಜೆ ಸಿಗದ, ಮಕ್ಕಳನ್ನು ನೋಡಿಕೊಳ್ಳುವವರಿಲ್ಲದ ಮಿಸಿಸಿಪ್ಪಿಯ ಡೆಲ್ಟಾ ಪ್ರದೇಶದ ಕೂಲಿ ಹೆಂಗಸಿನ ಮಾತು ಬೇರೆ.

ಮಾತ್ರೆಗೆ ಮಾತ್ರ ಟಿಕೆಟ್ಟು ಬೇಡ, ಅಂಚೆ ಸಾಕು. ಹೀಗಾಗಿ ಹೊಸ ಜಗಳ ರಾಜ್ಯದ ಒಳಗಿನದಲ್ಲ, ರಾಜ್ಯಗಳ ನಡುವಿನದು. ಕನೆಕ್ಟಿಕಟ್, ಮ್ಯಾಸಚೂಸೆಟ್ಸ್, ನ್ಯೂಯಾರ್ಕ್ ಮೊದಲಾದವು ತಮ್ಮ ವೈದ್ಯರಿಗೆ ರಕ್ಷಣೆ ಕೊಡುವ ‘ಗುರಾಣಿ’ ಕಾಯ್ದೆಗಳನ್ನು ಮಾಡಿಕೊಂಡವು. ಟೆಕ್ಸಾಸ್‌ನ ಮಹಿಳೆಗೆ ಮಾತ್ರೆ ಕಳಿಸಿದ ನ್ಯೂಯಾರ್ಕಿನ ವೈದ್ಯೆಯೊಬ್ಬರಿಗೆ 2025ರ ಫೆಬ್ರುವರಿಯಲ್ಲಿ ಟೆಕ್ಸಾಸ್ ನ್ಯಾಯಾಲಯ ಒಂದು ಲಕ್ಷ ಡಾಲರಿಗೂ ಮೀರಿದ ದಂಡ ಹಾಕಿತು. ಆ ಆದೇಶವನ್ನು ದಾಖಲಿಸಿಕೊಳ್ಳಲು ನ್ಯೂಯಾರ್ಕಿನ ಕೌಂಟಿ ಗುಮಾಸ್ತರು ಒಪ್ಪಲಿಲ್ಲ. ಇನ್ನೊಂದು ಪ್ರಕರಣದಲ್ಲಿ ಲೂಸಿಯಾನಾ ಆ ವೈದ್ಯೆಯನ್ನೇ ಒಪ್ಪಿಸಿ ಎಂದಾಗ ನ್ಯೂಯಾರ್ಕ್ ಗವರ್ನರ್ ನಿರಾಕರಿಸಿದರು. ಒಂದು ರಾಜ್ಯದ ನ್ಯಾಯಾಲಯದ ಆದೇಶವನ್ನು ಇನ್ನೊಂದು ರಾಜ್ಯ ಮನ್ನಿಸಬೇಕೆಂಬ ಸಂವಿಧಾನದ ನಾಲ್ಕನೆಯ ವಿಧಿ ಇಲ್ಲಿ ಪರೀಕ್ಷೆಗೆ ನಿಂತಿದೆ. ಓಡಿಬಂದ ಗುಲಾಮರನ್ನು ಒಪ್ಪಿಸುವ ವಿಷಯದಲ್ಲಿ ಉತ್ತರ ಮತ್ತು ದಕ್ಷಿಣದ ರಾಜ್ಯಗಳು ಕಾದಾಡಿದ್ದೂ ಇದೇ ವಿಧಿಯ ಸುತ್ತ. ಹೋಲಿಕೆಯನ್ನು ಇದಕ್ಕಿಂತ ಮುಂದೆ ಎಳೆಯುವುದು ಸರಿಯಲ್ಲ.

ಭಾರತವನ್ನು ಪಕ್ಕದಲ್ಲಿಟ್ಟು ನೋಡಿದರೆ ಯಂತ್ರಭಾಗಗಳ ಮಹತ್ವ ಇನ್ನೊಂದು ಬಗೆಯಲ್ಲಿ ತಿಳಿಯುತ್ತದೆ. ನಮ್ಮಲ್ಲಿ ಸಾರ್ವಜನಿಕ ಆರೋಗ್ಯ ರಾಜ್ಯಪಟ್ಟಿಯಲ್ಲಿದ್ದರೂ ದಂಡಸಂಹಿತೆಯೂ ವೈದ್ಯವೃತ್ತಿಯೂ ಸಮವರ್ತಿ ಪಟ್ಟಿಯಲ್ಲಿವೆ. 1971ರ ವೈದ್ಯಕೀಯ ಗರ್ಭಪಾತ (ಎಂಟಿಪಿ) ಕಾಯ್ದೆ ಸಂಸತ್ತಿನದು. ಬೀದರಿನಿಂದ ಚಾಮರಾಜನಗರದವರೆಗೆ ಮಾತ್ರವಲ್ಲ, ಗಡಿಯಾಚೆಯ ಸೊಲ್ಲಾಪುರ, ಕಾಸರಗೋಡುಗಳಿಗೂ ಒಂದೇ ಕಾಯ್ದೆ. 2021ರ ತಿದ್ದುಪಡಿಯ ನಂತರ 20 ವಾರದವರೆಗೆ ಒಬ್ಬ ವೈದ್ಯರ, ಕೆಲವು ವರ್ಗದವರಿಗೆ 24ರವರೆಗೆ ಇಬ್ಬರ ಅಭಿಪ್ರಾಯ ಬೇಕು. ಭ್ರೂಣದ ಗಂಭೀರ ದೋಷವಿದ್ದು ಅದೂ ದಾಟಿದರೆ ಆಯಾ ರಾಜ್ಯದ ವೈದ್ಯಕೀಯ ಮಂಡಳಿಯ ಮುಂದೆ ಹೋಗಬೇಕು. ಡಾಬ್ಸ್ ಬಂದ ಮೂರು ತಿಂಗಳಿಗೆ, 2022ರ ಸೆಪ್ಟೆಂಬರ್ 29ರಂದು, ನಮ್ಮ ಸುಪ್ರೀಂ ಕೋರ್ಟಿನ ತ್ರಿಸದಸ್ಯ ಪೀಠ (ಅದರಲ್ಲಿ ಕೊಡಗಿನ ಎ.ಎಸ್. ಬೋಪಣ್ಣ ಅವರೂ ಇದ್ದರು) 24 ವಾರದ ಅವಕಾಶದಿಂದ ಅವಿವಾಹಿತೆಯರನ್ನು ಹೊರಗಿಡುವಂತಿಲ್ಲ ಎಂದಿತು. ಆದರೂ ಇಲ್ಲಿ ತೀರ್ಮಾನ ವೈದ್ಯರ ಅಭಿಪ್ರಾಯದ ಮೇಲೆ ನಿಂತಿದೆ, ಹೆಣ್ಣಿನ ಬೇಡಿಕೆಯ ಮೇಲಲ್ಲ. ಒರೆಗಾನ್‌ನವರಿಗೆ ಇದು ಕಟ್ಟುನಿಟ್ಟಾಗಿ ಕಂಡೀತು, ಟೆನೆಸಿಯವರಿಗೆ ಉದಾರವಾಗಿ.

ಕೊನೆಯದಾಗಿ ಮಿಸ್ಸೂರಿ. ಡಾಬ್ಸ್ ಬಂದ ದಿನವೇ ನಿಷೇಧ ಜಾರಿ ಮಾಡಿದ ರಾಜ್ಯವಿದು. 2024ರ ನವೆಂಬರ್‌ನಲ್ಲಿ ಶೇ 52ರ ಆಸುಪಾಸಿನ ಮತದಿಂದ ಹಕ್ಕು ಅದರ ಸಂವಿಧಾನ ಸೇರಿತು. ಆರು ತಿಂಗಳಾಗುವುದರೊಳಗೆ, 2025ರ ಮೇನಲ್ಲಿ, ಅದನ್ನು ಅಳಿಸುವ ತಿದ್ದುಪಡಿಯನ್ನು 2026ರ ನವೆಂಬರ್‌ನಲ್ಲಿ ಮತಕ್ಕಿಡಲು ಶಾಸಕಾಂಗ ನಿರ್ಣಯಿಸಿತು. ಈ ನಡುವೆ ಪರವಾನಗಿ ನಿಯಮಗಳ ಬಗ್ಗೆ ನ್ಯಾಯಾಲಯಗಳ ಆದೇಶ ಬದಲಾದಂತೆಲ್ಲ ಚಿಕಿತ್ಸಾಲಯಗಳು ತೆರೆದು ಮುಚ್ಚಿ ಮತ್ತೆ ತೆರೆದವು. ಸೇಂಟ್ ಲೂಯಿಸ್‌ನ ಹೆಂಗಸರು ಅಂಥ ದಿನಗಳಲ್ಲಿ ಮಿಸಿಸಿಪ್ಪಿ ನದಿಯ ಸೇತುವೆ ದಾಟಿ ಇಲಿನಾಯ್ಸ್‌ಗೆ ಹೋಗುತ್ತಿದ್ದರು.