ಮುಂಗಡದ ಲೆಕ್ಕ: ಜೀತ ತಡೆಯ ಐವತ್ತು ವರ್ಷ

ಶ್ರೀರಂಗಪಟ್ಟಣ, ಪಾಂಡವಪುರ, ಕೆ.ಆರ್.ಪೇಟೆ, ನಾಗಮಂಗಲ ತಾಲ್ಲೂಕುಗಳು ನಾಲ್ಕೂ ಪಾಂಡವಪುರ ಉಪವಿಭಾಗಕ್ಕೆ ಸೇರಿದವು. ಜೀತದಿಂದ ಬಿಡಿಸಿಕೊಂಡವರ ಕೈಗೆ ಬಿಡುಗಡೆ ಪತ್ರ ಕೊಡುವ ಅಧಿಕಾರ ಇಲ್ಲಿನ ಉಪವಿಭಾಗಾಧಿಕಾರಿಗಿದೆ. ಆ ಪತ್ರಕ್ಕೆ ಬಲ ಬಂದದ್ದು 1975ರ ಅಕ್ಟೋಬರ್ 25ರಂದು ಜಾರಿಗೆ ಬಂದ ಸುಗ್ರೀವಾಜ್ಞೆಯಿಂದ. ಮರುವರ್ಷ ಅದು ಜೀತಪದ್ಧತಿ ನಿರ್ಮೂಲನಾ ಕಾಯ್ದೆಯಾಯಿತು. ಕರ್ನಾಟಕದಲ್ಲಿ ಆಗ ದೇವರಾಜ ಅರಸರ ಸರ್ಕಾರ. ಭೂಸುಧಾರಣೆ, ಋಣಪರಿಹಾರದ ಕಾಯ್ದೆಗಳೂ ಆ ಕಾಲದವೇ.

ಮೊದಮೊದಲು ಜೀತವೆಂದರೆ ಗೌಡರ ಕೊಟ್ಟಿಗೆ, ಹೊಲ, ತಲೆಮಾರಿನ ಸಾಲ ಎಂದೇ ಎಲ್ಲರ ಎಣಿಕೆ. ದೆಹಲಿ ಏಷ್ಯನ್ ಕ್ರೀಡಾಕೂಟದ ಕಾಮಗಾರಿಗಳ ಕಾರ್ಮಿಕರ ಬಗೆಗಿನ 1982ರ ಏಷ್ಯಾಡ್ ಪ್ರಕರಣದಲ್ಲಿ ಸುಪ್ರೀಂ ಕೋರ್ಟ್ ಆ ಎಣಿಕೆಯನ್ನು ಒಡೆಯಿತು. ಕನಿಷ್ಠ ಕೂಲಿಗಿಂತ ಕಡಿಮೆಗೆ ದುಡಿಸುವುದೂ ಸಂವಿಧಾನದ 23ನೇ ವಿಧಿ ನಿಷೇಧಿಸಿದ ಬಲವಂತದ ದುಡಿಮೆಯೇ, ಹಸಿವಿನ ಒತ್ತಾಯವೂ ಒತ್ತಾಯವೇ ಎಂದಿತು. ಮರುವರ್ಷ ಬಂಧುವಾ ಮುಕ್ತಿ ಮೋರ್ಚಾ ಪ್ರಕರಣದಲ್ಲಿ ಫರೀದಾಬಾದಿನ ಕಲ್ಲು ಕ್ವಾರಿಗಳೂ ಜೀತದ ಭೂಪಟಕ್ಕೆ ಬಂದವು. ನನ್ನ ಮಟ್ಟಿಗೆ ಈ ಕ್ಷೇತ್ರದ ದೊಡ್ಡ ತಿರುವು ಇದೇ. ಅಲ್ಲಿಯವರೆಗೆ ಧಣಿಯನ್ನಷ್ಟೇ ನೋಡುತ್ತಿದ್ದ ಕಾನೂನು ಮೇಸ್ತ್ರಿ, ಗುತ್ತಿಗೆದಾರ, ಮಾಲೀಕ ಮೂವರನ್ನೂ ಒಟ್ಟಿಗೆ ನೋಡಲು ಕಲಿಯಿತು.

ನಮ್ಮ ಸೀಮೆಗೆ ಈ ಸತ್ಯ ಬಡಿದದ್ದು 2000ದಲ್ಲಿ. ಶ್ರೀರಂಗಪಟ್ಟಣ ತಾಲ್ಲೂಕಿನ ಹಂಗರಹಳ್ಳಿಯ ಕಲ್ಲು ಕ್ವಾರಿಯಲ್ಲಿ ಕಾರ್ಮಿಕರನ್ನು ಸರಪಳಿ ಬಿಗಿದು ದುಡಿಸುತ್ತಿದ್ದುದು ಬಯಲಾಯಿತು. ಕಾಯ್ದೆ ಬಂದು ಕಾಲು ಶತಮಾನ ಕಳೆದಿತ್ತು. ಕಿರಣ್ ಕಮಲ್ ಪ್ರಸಾದ್ ಕಟ್ಟಿದ ‘ಜೀವಿಕ’ದಂಥ ಸಂಘಟನೆಗಳು ಜೀತ ಸತ್ತಿಲ್ಲವೆಂದು ಹೇಳುತ್ತಲೇ ಬಂದಿದ್ದವು.

ಸರಪಳಿ ಕಣ್ಣಿಗೆ ಬೀಳುತ್ತದೆ, ಮುಂಗಡ ಬೀಳುವುದಿಲ್ಲ. ಕಬ್ಬು ಕಡಿಯಲು, ಆಲೆಮನೆಯಲ್ಲಿ ಗಾಣಕ್ಕೆ ಕಬ್ಬು ಕೊಟ್ಟು ಕೊಪ್ಪರಿಗೆ ಕಾಯಿಸಲು, ಕಲ್ಲು ಒಡೆಯಲು ಬರುವ ಹೊರಗಿನ ಕುಟುಂಬಗಳಿಗೆ ಊರಲ್ಲೇ ಮೇಸ್ತ್ರಿ ಹಣ ಕೊಟ್ಟಿರುತ್ತಾನೆ. ಮಗಳ ಮದುವೆಗೋ ಆಸ್ಪತ್ರೆಗೋ ಅದು ಅಲ್ಲೇ ಖರ್ಚಾಗುತ್ತದೆ. ಇಲ್ಲಿ ವಾರದ ಖರ್ಚಿಗೆ ಕೊಟ್ಟ ಕಾಸು, ಅಂಗಡಿ ಬಾಕಿ, ಕಾಯಿಲೆ ಬಿದ್ದ ದಿನಗಳ ಕಡಿತ ಎಲ್ಲವೂ ಮೇಸ್ತ್ರಿಯ ಪುಸ್ತಕಕ್ಕೇ ಸೇರುತ್ತವೆ. ಹಂಗಾಮು ಮುಗಿದರೂ ಬಾಕಿ ಮುಗಿಯದು. ಮುಂಗಡ ಕೊಟ್ಟಲ್ಲೆಲ್ಲ ಜೀತವಿದೆ ಎಂದಲ್ಲ. ಲೆಕ್ಕ ತೋರಿಸದೆ, ಬಾಕಿಯ ನೆಪದಲ್ಲಿ ಬೇರೆ ಕಡೆ ಹೋಗಗೊಡದೆ ಹಿಡಿದಿಟ್ಟರೆ ಅದು ಜೀತ. ಅಂಥ ಸಾಲವನ್ನು ಕಾಯ್ದೆ ಅಳಿಸಿಹಾಕುತ್ತದೆ. ಅದು ಜೀತದ ಸಾಲವಲ್ಲ ಎಂದು ರುಜುವಾತು ಮಾಡುವ ಹೊಣೆಯೂ ಸಾಲ ಕೊಟ್ಟವನದೇ.

ಈ ನಡುವೆ ಹೊರದೇಶಗಳಲ್ಲಿ ಇನ್ನೊಂದು ದಾರಿ ತೆರೆದುಕೊಂಡಿತು: ಮಾಲು ಕೊಳ್ಳುವ ಕಂಪನಿಯನ್ನೇ ಕೇಳುವುದು. 2015ರ ಬ್ರಿಟನ್ನಿನ ಕಾಯ್ದೆ, ತಮ್ಮ ಸರಕಿನ ಹಿಂದೆ ಬಲವಂತದ ದುಡಿಮೆ ಇರದಂತೆ ಏನು ಮಾಡಿದ್ದೀರೆಂದು ದೊಡ್ಡ ಕಂಪನಿಗಳಿಂದ ವರ್ಷಕ್ಕೊಂದು ಹೇಳಿಕೆ ಕೇಳಿತು. ಏನೂ ಮಾಡಿಲ್ಲವೆಂದು ಬರೆದುಕೊಟ್ಟರೂ ಅದಕ್ಕೆ ಸಾಕಿತ್ತು. 2017ರಲ್ಲಿ ಫ್ರಾನ್ಸ್, 2023ರಿಂದ ಜರ್ಮನಿ ಹೊಣೆಯನ್ನು ಬಿಗಿಗೊಳಿಸಿದವು. ಬಲವಂತದ ದುಡಿಮೆಯಿಂದಾದ ಸರಕನ್ನೇ ಮಾರುಕಟ್ಟೆಯಿಂದ ಹೊರಗಿಡುವ ಐರೋಪ್ಯ ಒಕ್ಕೂಟದ 2024ರ ನಿಯಮ 2027ರ ಡಿಸೆಂಬರ್‌ನಿಂದ ಜಾರಿಯಾಗಲಿದೆ.

ಕೊಳ್ಳುವವರನ್ನು ಹಿಡಿದು ಕೇಳಿದರೆ ಏನಾಗುತ್ತದೆಂಬುದು ಶ್ರೀರಂಗಪಟ್ಟಣಕ್ಕೆ ಗೊತ್ತು. 2020ರ ಜೂನ್‌ನಲ್ಲಿ ಇಲ್ಲಿನ ಗೋಕಲ್‌ದಾಸ್ ಎಕ್ಸ್‌ಪೋರ್ಟ್ಸ್‌ನ ಗಾರ್ಮೆಂಟ್ಸ್ ಘಟಕ ಸುಮಾರು 1,200 ಕಾರ್ಮಿಕರನ್ನು ಕೆಲಸದಿಂದ ತೆಗೆಯಿತು. ಅದು ಜೀತದ ಪ್ರಕರಣವಲ್ಲ, ಕಾರ್ಮಿಕ ಸಂಘದ ಹಕ್ಕಿನದು. ಹೆಣ್ಣುಮಕ್ಕಳು ಫ್ಯಾಕ್ಟರಿ ಗೇಟಿನ ಮುಂದೆ ಧರಣಿ ಕೂತರು. ಅವರ ಸಂಘ ಖರೀದಿದಾರ ಎಚ್ ಅಂಡ್ ಎಂ ಕಂಪನಿಯ ಬಾಗಿಲನ್ನೂ ತಟ್ಟಿತು. 2021ರ ಆರಂಭದಲ್ಲಿ ಸಂಘಕ್ಕೆ ಮಾನ್ಯತೆ ಸಿಕ್ಕಿ, ಕೆಲಸ ಕಳೆದುಕೊಂಡವರನ್ನು ಮತ್ತೆ ತೆಗೆದುಕೊಳ್ಳುವ ಒಪ್ಪಂದವಾಯಿತು.

ಆದರೆ ಪಾಂಡವಪುರದ ಬೇಬಿ ಬೆಟ್ಟದ ಕಲ್ಲು ಜಲ್ಲಿಯಾಗಿ ನಮ್ಮದೇ ರಸ್ತೆ, ಸೇತುವೆ, ಮನೆಗಳಿಗೆ ಸೇರಿದ್ದು. ಆಲೆಮನೆಯ ಬೆಲ್ಲ ಮಂಡ್ಯ ಮಾರುಕಟ್ಟೆಗೆ ಹೋಗುತ್ತದೆ. ಅವುಗಳ ಹಿಂದೆ ದುಡಿದವರು ಯಾರೆಂದು ಪ್ಯಾರಿಸ್ಸಿನಲ್ಲೋ ಬರ್ಲಿನ್ನಿನಲ್ಲೋ ಕೇಳುವವರಿಲ್ಲ. ಬೇಬಿ ಬೆಟ್ಟದ ಕಲ್ಲು ಗಣಿಗಾರಿಕೆಯ ವಿಚಾರದಲ್ಲಿ ಕೃಷ್ಣರಾಜಸಾಗರ ಅಣೆಕಟ್ಟೆಯ ಸುರಕ್ಷತೆಗಾಗಿ ದೊಡ್ಡ ಚರ್ಚೆ ನಡೆಯಿತು, ನಡೆಯಬೇಕಾದದ್ದೇ. ಅಲ್ಲಿ ಕಲ್ಲು ಒಡೆದವರ ಕೂಲಿ, ಸಾಲದ ಮಾತು ಅದರಲ್ಲಿ ಬಂದದ್ದು ತೀರಾ ಕಡಿಮೆ. ಜಲ್ಲಿಯ ದೊಡ್ಡ ಗಿರಾಕಿ ಸರ್ಕಾರವೇ. ಷೇರುಪೇಟೆಯ ಮೊದಲ 1,000 ಕಂಪನಿಗಳು ಬಲವಂತದ ದುಡಿಮೆಯ ದೂರುಗಳ ಲೆಕ್ಕ ಕೊಡಬೇಕೆಂದು ಸೆಬಿ 2022–23ರಿಂದ ಕಡ್ಡಾಯ ಮಾಡಿರುವಾಗ, ಲೋಕೋಪಯೋಗಿ ಕಾಮಗಾರಿಯ ಟೆಂಡರಿನಲ್ಲೂ ಕ್ವಾರಿಯ ಕೂಲಿ ಪುಸ್ತಕ ಕೇಳುವುದರಲ್ಲಿ ತಪ್ಪೇನಿದೆ?

ಕೇಂದ್ರದ ಪುನರ್ವಸತಿ ಯೋಜನೆಯಂತೆ ಬಿಡುಗಡೆಯಾದ ಗಂಡಸರಿಗೆ 1 ಲಕ್ಷ, ಮಹಿಳೆಯರಿಗೆ ಮತ್ತು ಮಕ್ಕಳಿಗೆ 2 ಲಕ್ಷ, ಅತಿ ಕ್ರೂರ ಪ್ರಕರಣಗಳಲ್ಲಿ 3 ಲಕ್ಷ ರೂಪಾಯಿವರೆಗೆ ನೆರವಿದೆ. ನಿಮ್ಮೂರಿನ ಕ್ವಾರಿಯಲ್ಲೋ ಆಲೆಮನೆಯಲ್ಲೋ ಸಾಲದ ಬಾಕಿ ತೋರಿಸಿ ಯಾರನ್ನಾದರೂ ಊರಿಗೆ ಬಿಡದೆ ಇಟ್ಟುಕೊಂಡಿದ್ದರೆ, ದಯವಿಟ್ಟು ಪಾಂಡವಪುರದ ಉಪವಿಭಾಗಾಧಿಕಾರಿ ಕಚೇರಿಗೆ ಒಂದು ಅರ್ಜಿ ಬರೆದುಕೊಡಿ, ಸ್ವೀಕೃತಿ ಪಡೆಯುವುದನ್ನು ಮರೆಯಬೇಡಿ.