ಅಳದ ಕೂಸಿನ ಮೊದಲ ನಿಮಿಷ

ಮಕ್ಕಳ ತಜ್ಞರ ಸಂಘಗಳು ಕಲಿಸುವ ಪಾಠ ಹಳ್ಳಿಯ ಹೆರಿಗೆ ಕೋಣೆ ಮುಟ್ಟಲು ಇಪ್ಪತ್ತು ವರ್ಷಕ್ಕೂ ಹೆಚ್ಚು ಹಿಡಿಯಿತು. ಹುಟ್ಟಿದ ಕೂಸು ಉಸಿರಾಡದಿದ್ದರೆ ಏನು ಮಾಡಬೇಕೆಂದು ಕ್ರಮವಾಗಿ ಕಲಿಸುವ ತರಬೇತಿಯನ್ನು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯು ಅಲ್ಲಿನ ಹೃದ್ರೋಗ ಸಂಘದ ಜೊತೆ ಸೇರಿ 1987ರಲ್ಲಿ ಶುರುಮಾಡಿತು. ನಮ್ಮ ದೇಶದ ನ್ಯಾಷನಲ್ ನಿಯೊನೆಟಾಲಜಿ ಫೋರಂ 1990ರಲ್ಲಿ ಅದನ್ನು ಇಲ್ಲಿಗೆ ತಂದಿತು. ತಂದದ್ದು ದೊಡ್ಡ ಆಸ್ಪತ್ರೆಗಳಿಗೆ. ಆಗ ನಾನು ನೇಸರಗಿ ಸುತ್ತಿನ ಹಳ್ಳಿಗಳಲ್ಲಿ ಎಎನ್‌ಎಂ, ಅಂದರೆ ಹೆರಿಗೆ ನೋಡಿಕೊಳ್ಳುವ ಸರಕಾರಿ ನರ್ಸು. ಬೆಳಗಾವಿ–ಬಾಗಲಕೋಟೆ ರಸ್ತೆಯ ಮೇಲಿನ ಊರು ನಮ್ಮದು. ಬಸ್ಸು ಬರುತ್ತಿತ್ತು, ಆ ಪಾಠ ಬರಲಿಲ್ಲ.

ಹೆರಿಗೆ ಹೆಚ್ಚಾಗಿ ಮನೆಯಲ್ಲೇ. ಕೂಸು ಅಳಲಿಲ್ಲವೆಂದರೆ ಸೂಲಗಿತ್ತಿ ಅದರ ಕಿವಿಯ ಹತ್ತಿರ ತಾಟು ಬಾರಿಸುವಳು, ಮುಖಕ್ಕೆ ನೀರು ಚಿಮುಕಿಸುವಳು. ದವಾಖಾನೆಯಲ್ಲಿ ನಡೆಯುತ್ತಿದ್ದದ್ದೇನು ಬೇರೆಯಲ್ಲ: ಕಾಲು ಹಿಡಿದು ತಲೆಕೆಳಗು ಮಾಡಿ ಬೆನ್ನಿಗೆ ಬಡಿಯುವುದು. ಅಷ್ಟಕ್ಕೂ ಉಸಿರು ಬರದಿದ್ದರೆ ಸತ್ತೇ ಹುಟ್ಟಿತೆಂದು ರಿಜಿಸ್ಟರಿನಲ್ಲಿ ಬರೆಯುವುದು. ಎದೆ ಬಡಿಯುತ್ತಿದೆಯೇ ಎಂದು ನೋಡುವ ರೂಢಿಯೇ ಇರಲಿಲ್ಲ.

ಎಎನ್‌ಎಂಗಳ ಕೈಯಲ್ಲಿ ಏನಾಗುತ್ತದೆ ಎಂಬ ತಾತ್ಸಾರ ಮೊದಲು ಮುರಿದದ್ದು ನಮ್ಮ ಜಿಲ್ಲೆಯಲ್ಲೇ. 2002ರಿಂದ 2005ರವರೆಗೆ ಬೆಳಗಾವಿಯ ಜೆಎನ್‌ಎಂಸಿ ವೈದ್ಯಕೀಯ ಕಾಲೇಜಿನವರು ನಾಲ್ಕು ಪ್ರಾಥಮಿಕ ಆರೋಗ್ಯ ಕೇಂದ್ರಗಳ ಹಳ್ಳಿಗಳಲ್ಲಿ, ಹೆರಿಗೆಯಾದ ಮೇಲಿನ ರಕ್ತಸ್ರಾವ ತಡೆಯುವ ಮಿಸೊಪ್ರೊಸ್ಟಾಲ್ ಗುಳಿಗೆಯ ಪ್ರಯೋಗ ನಡೆಸಿದರು. 1,620 ಬಾಣಂತಿಯರು, ಗುಳಿಗೆ ಕೊಟ್ಟವರು, ಸೋರಿದ ರಕ್ತ ಅಳೆದವರು ಎಎನ್‌ಎಂಗಳು. ಅತಿ ರಕ್ತಸ್ರಾವ ಶೇ. 12ರಿಂದ 6.4ಕ್ಕೆ ಇಳಿದಿತ್ತು. 2006ರಲ್ಲಿ ಲ್ಯಾನ್ಸೆಟ್ ಪತ್ರಿಕೆ ಅದನ್ನು ಅಚ್ಚು ಹಾಕಿತು.

ಉಸಿರಿನ ಪಾಠ ಬಂದದ್ದು ಆಮೇಲೆ. ಅದೇ ಅಮೆರಿಕದ ಅಕಾಡೆಮಿ 2010ರಲ್ಲಿ ‘ಹೆಲ್ಪಿಂಗ್ ಬೇಬೀಸ್ ಬ್ರೀದ್’ ಎಂಬ ಸರಳ ತರಬೇತಿ ಹೊರತಂದಿತು. ದಪ್ಪ ಪುಸ್ತಕವಿಲ್ಲ, ಚಿತ್ರಗಳ ಪಟ. ಜೊತೆಗೊಂದು ಗೊಂಬೆ: ಒಳಗೆ ಬಿಸಿನೀರು ತುಂಬಿದರೆ ಹಸುಗೂಸಿನಷ್ಟೇ ತೂಕ, ರಬ್ಬರ್ ಬುಗ್ಗೆ ಅದುಮಿದರೆ ಹೊಕ್ಕುಳಬಳ್ಳಿ ಮಿಡಿಯುತ್ತದೆ, ಎದೆ ಏಳುತ್ತದೆ. ಒರೆಸು, ಬೆಚ್ಚಗಿಡು, ಬೆನ್ನು ತಿಕ್ಕು. ಆದರೂ ಉಸಿರಿಲ್ಲವೆಂದರೆ ಒಂದು ನಿಮಿಷ ಮುಗಿಯುವುದರೊಳಗೆ ಬ್ಯಾಗು-ಮಾಸ್ಕು ಹಿಡಿದು ಗಾಳಿ ಕೊಡು. ಭಾಷಣ ಕೇಳಿ ಕೈಕಟ್ಟಿ ಕೂಡುವುದಲ್ಲ, ಇಬ್ಬಿಬ್ಬರು ಸೇರಿ ಕೈಯಾರೆ ಮಾಡುವುದು. ನಾನು ಕಲಿಸುವಾಗ ಮುದುಕಿ ಸೂಲಗಿತ್ತಿಯೊಬ್ಬಳು ಬಾಗಿಲಲ್ಲಿ ನಿಂತು, “ಅಕ್ಕಾರ, ಗೊಂಬಿ ಆಡೂ ವಯಸ್ಸೇನ್ರಿ ನಿಮ್ದು?” ಎಂದಿದ್ದಳು. ಸ್ವಲ್ಪ ಹೊತ್ತಿಗೆ ಒಳಗೆ ಬಂದು ತಾನೂ ಬ್ಯಾಗು ಅದುಮಿದಳು. ಮಾಸ್ಕು ಸಡಿಲ ಹಿಡಿದರೆ ಗಾಳಿ ಪಕ್ಕದಿಂದ ಹೋಗಿಬಿಡುತ್ತದೆ. ಅವಳ ಹಿಡಿತ ಮಾತ್ರ ಮೊದಲ ಸಲಕ್ಕೇ ಗಟ್ಟಿಯಾಗಿತ್ತು.

ಬೆಳಗಾವಿ ಜಿಲ್ಲೆಯಲ್ಲಿ ಈ ತರಬೇತಿಯ ಫಲ ಏನೆಂದು ಜೆಎನ್‌ಎಂಸಿಯ ಡಾ. ಶಿವಪ್ರಸಾದ ಗೌಡರ ಮತ್ತು ಸಂಗಡಿಗರು ಲೆಕ್ಕ ಹಾಕಿ 2013ರಲ್ಲಿ ಪ್ರಕಟಿಸಿದರು. ತರಬೇತಿ ಪಡೆದವರು 599 ಜನ. ಹೆರಿಗೆಯ ಹೊತ್ತಿನಲ್ಲೇ ಸತ್ತವೆಂದು ದಾಖಲಾಗುತ್ತಿದ್ದ ಕೂಸುಗಳು ಶೇ. 1.7ರಿಂದ 0.9ಕ್ಕೆ ಇಳಿದಿದ್ದವು. ನಾನು ಈ ಅಂಕಿಯನ್ನು ಓದುವುದು ಹೀಗೆ: ಹಳೆಯ ರಿಜಿಸ್ಟರುಗಳಲ್ಲಿ ಹಾಗೆ ಬರೆದಿದ್ದ ಕೂಸುಗಳಲ್ಲಿ ಎಷ್ಟೋ ಬದುಕಿದ್ದವು, ಉಸಿರಷ್ಟೇ ಹತ್ತಿರಲಿಲ್ಲ.

ಈ ವಿದ್ಯೆಗೆ ಇನ್ನೊಂದು ಕಾಟವಿದೆ. ಬೆಳಗಾವಿ, ನಾಗಪುರ, ಕೀನ್ಯಾ ಮೂರೂ ಕಡೆ ಆಮೇಲೆ ನೋಡಿದಾಗ ಕಲಿತದ್ದು ತಲೆಯಲ್ಲಿ ಉಳಿದಿತ್ತು, ಕೈ ಮರೆಯುತ್ತಿತ್ತು. ಮತ್ತೆ ಮತ್ತೆ ಮಾಡಿಸಿದರೆ ಮಾತ್ರ ಹಿಡಿತ ಉಳಿಯುವುದು. ಆದರೆ ಗೊಂಬೆ ಎಲ್ಲಿರುತ್ತದೆ? ನಾನು ಹೋದ ಒಂದು ದವಾಖಾನೆಯಲ್ಲಿ ಅದು ಕಪಾಟಿನಲ್ಲಿತ್ತು, ಪ್ಲಾಸ್ಟಿಕ್ ಕವರು ಸಹ ತೆಗೆದಿರಲಿಲ್ಲ. ಹರಿದರೆ ಆಡಿಟ್‌ಗೆ ಉತ್ತರ ಯಾರು ಕೊಡಬೇಕೆಂಬ ಹೆದರಿಕೆ. ಕೀಲಿ ಇದ್ದದ್ದು ಸಂಜೆ ಐದಕ್ಕೆ ಮನೆಗೆ ಹೋಗುವವರ ಹತ್ತಿರ. ಕೀಲಿಯನ್ನು ರಾತ್ರಿ ಪಾಳಿಯ ಸಿಸ್ಟರ್‌ಗೆ ಕೊಡಿ ಎಂದು ಬರೆದುಕೊಟ್ಟು ಬಂದೆ.