ಚಿಕ್ಕಮ್ಮನ ಭಯ, ತಮ್ಮನ ಗೇಮು ಮತ್ತು ಒಂದು ವಯರಿನ ಇತಿಹಾಸ

ದೀಪಾವಳಿಗೆ ಊರಿಗೆ ಹೋದಾಗ ಕುಕ್ಕುಂದೂರಿನ ಚಿಕ್ಕಮ್ಮನ ಮನೆಯಲ್ಲಿ ಎರಡು ದಿನ ಉಳಿದಿದ್ದೆ. ಊಟ ಮುಗಿಸಿ ಕೈ ತೊಳೆಯುವಾಗ ಚಿಕ್ಕಮ್ಮ ಮೆಲ್ಲ ಹತ್ತಿರ ಬಂದು, "ಇವ ರಾತ್ರಿ ಒಂದು ಗಂಟೆವರೆಗೆ ಆ ಕಂಪ್ಯೂಟರಿನ ಎದುರು ಕೂತು ಎಂತ ಮಾಡ್ತಾನೆ ಅಂತ ಒಮ್ಮೆ ನೋಡು ಮಾರಾಯ. ದುಡ್ಡಿಟ್ಟು ಆಡ್ತಾನೋ ಏನೋ, ನಂಗೆ ಹೆದರಿಕೆ ಆಗ್ತದೆ" ಅಂದರು. 'ಇವ' ಅಂದರೆ ಚಿಕ್ಕಮ್ಮನ ಮಗ, ನನ್ನ ತಮ್ಮ, ದ್ವಿತೀಯ ಪಿಯುಸಿ. ಸಾಫ್ಟ್‌ವೇರ್ ಇಂಜಿನಿಯರ್ ಅಂದಮೇಲೆ ಮನೆಯವರಿಗೆ ಪ್ರಿಂಟರ್ ರಿಪೇರಿಗೂ ನಾವೇ, ಪತ್ತೇದಾರಿಕೆಗೂ ನಾವೇ :)

ನಾನೂ ಹೂಂ ಅಂದೆ. ಆ ರಾತ್ರಿ ಅವನಿಗೆ ಹೇಳದೆ ಚಾವಡಿಯಲ್ಲಿ ಲ್ಯಾಪ್‌ಟಾಪ್ ತೆರೆದು, ವೈರ್‌ಶಾರ್ಕ್ ಎಂಬ ತಂತ್ರಾಂಶ ಹಾಕಿ ಕೂತೆ. ನೆಟ್‌ವರ್ಕಿನಲ್ಲಿ ಓಡಾಡುವ ಪ್ಯಾಕೆಟ್ಟುಗಳನ್ನು ಹಿಡಿದು ತೋರಿಸುವ ತಂತ್ರಾಂಶ ಅದು. ಕಂಡದ್ದು ನನ್ನದೇ ಲ್ಯಾಪ್‌ಟಾಪಿನ ಮಾತುಕತೆ, ನಡುನಡುವೆ ಟಿವಿ ಮತ್ತು ಪ್ರಿಂಟರ್ "ನಾನಿಲ್ಲಿದ್ದೇನೆ" ಎಂದು ಎಲ್ಲರಿಗೂ ಕೂಗುವುದು, ಅಷ್ಟೇ. ಪಕ್ಕದ ಕೋಣೆಯಲ್ಲಿ ಗುಂಡಿನ ಸದ್ದು ಕೇಳುತ್ತಿತ್ತು, ಇಲ್ಲಿ ಅದರ ಒಂದು ಪ್ಯಾಕೆಟ್ಟೂ ಇಲ್ಲ. ಇಂಜಿನಿಯರಿಂಗಿನಲ್ಲಿ ಪರೀಕ್ಷೆಗೆ ಬರೆದು ಮರೆತ ಒಂದು ಪಾಠ ಆಗ ನೆನಪಾಯಿತು. ಇದರ ಹಿಂದೆ ಐವತ್ತು ವರ್ಷದ ಕತೆ ಇದೆ.

1973ರ ಮೇ 22ರಂದು ಅಮೆರಿಕದ ಝೆರಾಕ್ಸ್ ಪಾರ್ಕ್ ಪ್ರಯೋಗಾಲಯದಲ್ಲಿ ಬಾಬ್ ಮೆಟ್‌ಕಾಫ್ ಎಂಬ ಎಂಜಿನಿಯರ್ ಒಂದು ಟಿಪ್ಪಣಿ ಬರೆದ. ಎಲ್ಲ ಕಂಪ್ಯೂಟರುಗಳನ್ನೂ ಒಂದೇ ಉದ್ದ ಕೇಬಲ್ಲಿಗೆ ಸಿಕ್ಕಿಸುವುದು. ಒಬ್ಬ ಮಾತಾಡಿದರೆ ಎಲ್ಲರಿಗೂ ಕೇಳುತ್ತದೆ, ತನ್ನ ವಿಳಾಸ ಇದ್ದದ್ದನ್ನು ಮಾತ್ರ ಪ್ರತಿಯೊಬ್ಬನೂ ಎತ್ತಿಕೊಳ್ಳುತ್ತಾನೆ. ಇದೇ ಈಥರ್ನೆಟ್. ನಮ್ಮೂರಿನ ಸರ್ವಿಸ್ ಬಸ್ಸಿನ ಹಾಗೆ ನೋಡಿ. ಹಿಂದಿನ ಸೀಟಿನವರು ಯಾರದೋ ಮದುವೆ ಮಾತಾಡಿದರೆ ಇಡೀ ಬಸ್ಸಿಗೆ ಕೇಳುತ್ತದೆ, ನಾವು ಕೇಳದವರ ಹಾಗೆ ಕಿಟಕಿ ನೋಡುತ್ತೇವೆ. ಅಂದರೆ ಕದ್ದು ಕೇಳಲು ವಿಶೇಷ ಸಾಹಸವೇನೂ ಬೇಕಿರಲಿಲ್ಲ. ಬೇರೆಯವರದನ್ನೂ ಬಿಡಬೇಡ ಎಂದು ನಿಮ್ಮ ಕಾರ್ಡಿಗೆ ಹೇಳಿದರೆ ಸಾಕು. ಆಮೇಲೆ ಬಂದ 'ಹಬ್' ಡಬ್ಬಿಯೂ ಅಷ್ಟೇ, ಒಂದು ಕಡೆ ಬಂದದ್ದನ್ನು ಉಳಿದೆಲ್ಲ ಕಡೆಗೂ ಕೂಗಿ ಹೇಳುತ್ತಿತ್ತು.

ಈ ಕೂಗಾಟದ ತೊಂದರೆಯನ್ನು ಜನಕ್ಕೆ ಚೆನ್ನಾಗಿ ಅರ್ಥ ಮಾಡಿಸಿದ್ದು ಒಂದು ಗೇಮು! 1993ರ ಡಿಸೆಂಬರ್ 10ರಂದು ಇಡ್ ಸಾಫ್ಟ್‌ವೇರ್ 'ಡೂಮ್' ಬಿಡುಗಡೆ ಮಾಡಿತು. ನಾಲ್ಕು ಜನ ಒಟ್ಟಿಗೆ ಆಡಬಹುದಿತ್ತು. ಆದರೆ ಮೊದಲ ಆವೃತ್ತಿ ಪ್ರತಿ ಪ್ಯಾಕೆಟ್ಟನ್ನೂ ಆಡುವವರಿಗೆ ಮಾತ್ರ ಅಲ್ಲ, ನೆಟ್‌ವರ್ಕಿನಲ್ಲಿದ್ದ ಎಲ್ಲರಿಗೂ ಕಳಿಸುತ್ತಿತ್ತು. ವಿಶ್ವವಿದ್ಯಾಲಯಗಳ, ಕಚೇರಿಗಳ ನೆಟ್‌ವರ್ಕು ಕುಸಿದು, ಹಲವು ಕಡೆ ಡೂಮ್ ಆಡಬಾರದೆಂದು ಆಜ್ಞೆಯೇ ಆಯಿತು. ಮುಂದಿನ ಆವೃತ್ತಿಗಳಲ್ಲಿ ಅದನ್ನು ಸರಿಪಡಿಸಿದರು.

ಡಬ್ಬಿಯನ್ನೇ ಜಾಣ ಮಾಡುವ ಕೆಲಸ ಅದಕ್ಕೂ ಮೊದಲೇ ಶುರುವಾಗಿತ್ತು. 1990ರಲ್ಲಿ ಸಿಲಿಕಾನ್ ವ್ಯಾಲಿಯ ಸಣ್ಣ ಕಂಪನಿಯೊಂದು 'ಈಥರ್‌ಸ್ವಿಚ್' ತಂದಿತು. ಯಾವ ವಯರಿನ ತುದಿಯಲ್ಲಿ ಯಾರಿದ್ದಾರೆ ಎಂದು ಇದು ನೆನಪಿಟ್ಟುಕೊಂಡು, ಅವರಿಗೆ ಬಂದದ್ದನ್ನು ಅವರಿಗೆ ಮಾತ್ರ ಕೊಡುತ್ತದೆ. ಆ ಕಂಪನಿಯ ಹೆಸರೇನು ಗೊತ್ತೇ? 'ಕಲ್ಪನಾ'! ಸ್ಥಾಪಕರಲ್ಲೊಬ್ಬರಾದ ಭಾರತ ಮೂಲದ ವಿನೋದ್ ಭಾರದ್ವಾಜ್ ತಮ್ಮ ಹೆಂಡತಿಯ ಹೆಸರನ್ನೇ ಇಟ್ಟಿದ್ದರು. 1994ರಲ್ಲಿ ಸಿಸ್ಕೋ ಅದನ್ನು ಕೊಂಡಿತು. ಚಿಕ್ಕಮ್ಮನ ಮನೆಯ ರೂಟರಿನ ಹಿಂದೆ ಇರುವ ನಾಲ್ಕು ತೂತುಗಳ ಒಳಗೂ ಇಂಥದ್ದೇ ಒಂದು ಸ್ವಿಚ್ ಕೂತಿದೆ. ತಮ್ಮನ ಮಾತು ನನ್ನ ಕಿವಿಗೆ ಬೀಳದ್ದು ಅದಕ್ಕೇ.

ಹಾಗಂತ ಪ್ಯಾಕೆಟ್ ಕೇಳುವುದೆಲ್ಲ ಕಳ್ಳತನವಲ್ಲ. 1986ರ ಅಕ್ಟೋಬರಿನಲ್ಲಿ ಅಮೆರಿಕದ ಲಾರೆನ್ಸ್ ಬರ್ಕ್ಲಿ ಪ್ರಯೋಗಾಲಯಕ್ಕೂ ಬರ್ಕ್ಲಿ ವಿಶ್ವವಿದ್ಯಾಲಯಕ್ಕೂ ನಡುವೆ, ಬರೀ 400 ಗಜ ದೂರದಲ್ಲಿ, ಇಂಟರ್ನೆಟ್ ವೇಗ ಸೆಕೆಂಡಿಗೆ 32,000 ಬಿಟ್‌ಗಳಿಂದ 40 ಬಿಟ್‌ಗಳಿಗೆ ಬಿದ್ದಿತ್ತು. ಯಾಕೆಂದು ಹುಡುಕಲು ಹೊರಟವರು ವ್ಯಾನ್ ಜೇಕಬ್ಸನ್. 1988ರಲ್ಲಿ ಅವರು ಮತ್ತು ಜೊತೆಗಾರರು ಪ್ಯಾಕೆಟ್ ಹಿಡಿದು ನೋಡಲು 'ಟಿಸಿಪಿಡಂಪ್' ಬರೆದರು. ದಟ್ಟಣೆ ಇದ್ದಾಗ ನಿಧಾನವಾಗು ಎಂದು ಕಂಪ್ಯೂಟರುಗಳಿಗೆ ಕಲಿಸಿದವರೂ ಅವರೇ. 1998ರಲ್ಲಿ ಜೆರಾಲ್ಡ್ ಕೂಂಬ್ಸ್ 'ಈಥೀರಿಯಲ್' ಎಂಬ ತಂತ್ರಾಂಶವನ್ನು ಉಚಿತವಾಗಿ ಕೊಟ್ಟ. 2006ರಲ್ಲಿ ಅವನು ಕೆಲಸ ಬದಲಿಸಿದಾಗ ಹೆಸರಿನ ಹಕ್ಕು ಹಳೆಯ ಕಂಪನಿಯಲ್ಲೇ ಉಳಿಯಿತು. ಹಾಗಾಗಿ ಅದು 'ವೈರ್‌ಶಾರ್ಕ್' ಆಯಿತು.

ನಮ್ಮ ದೇಶದಲ್ಲೂ ಗೇಮಿನ ಪ್ಯಾಕೆಟ್ ಹಿಡಿದದ್ದು ಸುದ್ದಿಯಾದದ್ದುಂಟು. ಮಾಹಿತಿಯನ್ನು ಗುಟ್ಟಾಗಿ ಹೊರದೇಶದ ಸರ್ವರುಗಳಿಗೆ ಕಳಿಸಲಾಗುತ್ತಿದೆ ಎಂಬ ಕಾರಣಕ್ಕೆ 2020ರ ಸೆಪ್ಟೆಂಬರ್ 2ರಂದು ಕೇಂದ್ರ ಸರ್ಕಾರ ಪಬ್‌ಜಿ ಮೊಬೈಲನ್ನು ನಿಷೇಧಿಸಿತು. 2021ರಲ್ಲಿ ಅದರ ಬದಲಿಗೆ ಬಿಜಿಎಂಐ ಬಂತು. ಆ ಜೂನಿನಲ್ಲೇ ಐಜಿಎನ್ ಇಂಡಿಯಾದವರು ಪ್ಯಾಕೆಟ್ ಹಿಡಿದು ನೋಡಿ, ಮಾಹಿತಿ ಬೀಜಿಂಗಿನ ಒಂದು ಸರ್ವರಿಗೂ ಹೋಗುತ್ತಿದೆ ಎಂದು ವರದಿ ಮಾಡಿದರು. ಕೆಲವೇ ದಿನದಲ್ಲಿ ಗೇಮಿನ ಕಂಪನಿ ಅಪ್‌ಡೇಟ್ ಬಿಟ್ಟಿತು. ದೊಡ್ಡ ಕಂಪನಿ ಏನು ಕಳಿಸುತ್ತದೆ ಎಂದು ಸಾಮಾನ್ಯ ಜನ ತಮ್ಮದೇ ಫೋನಿನಲ್ಲಿ ನೋಡುವುದು ಇದು.

ಆದರೆ ನಾನು ಮಾಡಹೊರಟದ್ದು ಅದಲ್ಲವಲ್ಲ? ಮನೆಯ ಹುಡುಗನೊಬ್ಬನ ಮಾತನ್ನು ಅವನಿಗೆ ತಿಳಿಯದೆ ಕೇಳುವುದು. ಖಾಸಗಿತನ ಮೂಲಭೂತ ಹಕ್ಕು ಎಂದು 2017ರ ಆಗಸ್ಟ್ 24ರಂದು ಸುಪ್ರೀಂ ಕೋರ್ಟಿನ ಒಂಬತ್ತು ನ್ಯಾಯಮೂರ್ತಿಗಳು ಒಮ್ಮತದಿಂದ ಹೇಳಿದ ತೀರ್ಪಿಗೆ ನಮ್ಮ ಕರ್ನಾಟಕ ಹೈಕೋರ್ಟಿನ ನಿವೃತ್ತ ನ್ಯಾಯಮೂರ್ತಿ ಕೆ. ಎಸ್. ಪುಟ್ಟಸ್ವಾಮಿಯವರ ಹೆಸರಿದೆ. 2012ರಲ್ಲಿ ಅರ್ಜಿ ಹಾಕಿದಾಗ ಅವರಿಗೆ 86 ವರ್ಷ. ಆ ತೀರ್ಪನ್ನು ಹೊಗಳಿ ಊರಿಗೆಲ್ಲ ಬುದ್ಧಿ ಹೇಳಿದವ ನಾನು! ಕತ್ತಲೆ ಚಾವಡಿಯಲ್ಲಿ ಕೂತು ನಾಚಿಕೆಯಾಯಿತು. ಲ್ಯಾಪ್‌ಟಾಪ್ ಮುಚ್ಚಿ ಮಲಗಿದೆ.

ಮರುದಿನ ತಮ್ಮನಿಗೆ ಎಲ್ಲ ಹೇಳಿಬಿಟ್ಟೆ. ಒಂದು ನಿಮಿಷ ಮುಖ ಊದಿಸಿಕೊಂಡ. ಆಮೇಲೆ, "ಹೇಗೆ ಅಣ್ಣ ಅದು, ನಂಗೂ ತೋರ್ಸಿ" ಅಂದ. ಸರಿ, ಇಬ್ಬರೂ ಸೇರಿ ಕಟ್ಟಿದೆವು. ರೂಟರಿನಿಂದ ಬರುವ ವಯರನ್ನು ನನ್ನ ಲ್ಯಾಪ್‌ಟಾಪಿಗೆ ಹಾಕಿ, ಯುಎಸ್‌ಬಿ ಲ್ಯಾನ್ ಅಡಾಪ್ಟರಿನಿಂದ ಇನ್ನೊಂದು ವಯರು ಅವನ ಕಂಪ್ಯೂಟರಿಗೆ. ನಡುವೆ ಲ್ಯಾಪ್‌ಟಾಪ್ ಸೇತುವೆ. ಈಗ ಅವನದೆಲ್ಲ ನನ್ನ ಮೂಲಕವೇ ಹೋಗಬೇಕು. ಗೇಮು ಕೌಂಟರ್ ಸ್ಟ್ರೈಕ್ 2. ಸೆಕೆಂಡಿಗೆ ಹತ್ತಾರು ಪುಟ್ಟ ಪುಟ್ಟ ಪ್ಯಾಕೆಟ್ಟುಗಳು. ನೆಟ್ಟು ಖಾಲಿ ಮಾಡುತ್ತಾನೆ ಎಂದು ಅವನನ್ನು ಬಯ್ಯುವಂತೆಯೂ ಇಲ್ಲ, ಮನೆಯವರು ನೋಡುವ ವಿಡಿಯೋದ ಲೆಕ್ಕ ಇದಕ್ಕಿಂತ ಎಷ್ಟೋ ಹೆಚ್ಚು. ಎಲ್ಲಕ್ಕೂ ಬೀಗ ಹಾಕಿದೆ. ಯಾವ ವಿಳಾಸಕ್ಕೆ, ಯಾವ ಹೊತ್ತಿಗೆ, ಎಷ್ಟು ಎಂಬುದು ಮಾತ್ರ ಕಾಣುತ್ತದೆ. ಒಳಗೇನಿದೆ ಕಾಣುವುದಿಲ್ಲ. ದುಡ್ಡಿನ ಆಟದ ಸುಳಿವೇನೂ ಇರಲಿಲ್ಲ.

ಪ್ಯಾಕೆಟ್ಟುಗಳು ಸರಿಯುವುದನ್ನು ನೋಡುತ್ತಾ ಅವನೇ ಸಣ್ಣ ದನಿಯಲ್ಲಿ ಹೇಳಿದ: "ಅಣ್ಣ, ಹೋದ ವರ್ಷ ಫೋನಲ್ಲಿ ಒಂದು ಆಟದಲ್ಲಿ 1,200 ರೂಪಾಯಿ ಹೋಯ್ತು. ಅಮ್ಮನಿಗೆ ಗೊತ್ತಿಲ್ಲ." ದುಡ್ಡಿನ ಆನ್‌ಲೈನ್ ಆಟಗಳನ್ನು ನಿಷೇಧಿಸುವ ಕಾಯ್ದೆಯನ್ನು ಸಂಸತ್ತು 2025ರ ಆಗಸ್ಟಿನಲ್ಲಿ ಮಾಡಿತು, ಇದು ಅದಕ್ಕೂ ಮುಂಚಿನ ಮಾತು. ಚಿಕ್ಕಮ್ಮನ ಭಯ ಸುಳ್ಳಾಗಿರಲಿಲ್ಲ. ಆದರೆ ಅದು ನಡೆದದ್ದು ಫೋನಿನಲ್ಲಿ, ಮೊಬೈಲ್ ಡೇಟಾದಲ್ಲಿ. ನಾನು ಎಷ್ಟು ದಿನ ಈ ವಯರಿಗೆ ಕಿವಿ ಕೊಟ್ಟು ಕೂತಿದ್ದರೂ ಸಿಗುತ್ತಿರಲಿಲ್ಲ.

"ನೀನೇ ಹೇಳು, ನಾನು ಪಕ್ಕದಲ್ಲಿ ಇರ್ತೇನೆ" ಅಂದೆ. ಸಂಜೆ ಚಾ ಕುಡಿಯುವಾಗ ಹೇಳಿದ. ಚಿಕ್ಕಮ್ಮ ಬೈದರು, ಸ್ವಲ್ಪ ಅತ್ತರು, ಆಮೇಲೆ ಅವನಿಗೇ ಇನ್ನೊಂದು ಗ್ಲಾಸು ಚಾ ಬಗ್ಗಿಸಿದರು. ರಾತ್ರಿ ಹನ್ನೊಂದಕ್ಕೆ ಆಟ ನಿಲ್ಲಿಸುವುದೆಂದು ತೀರ್ಮಾನವಾಯಿತು. ಬೆಂಗಳೂರಿನ ಬಸ್ಸು ಹತ್ತುವ ಮೊದಲು ಸೇತುವೆ ಕಳಚಿ, ವಯರನ್ನು ಮೊದಲಿನ ಹಾಗೆ ರೂಟರಿಗೇ ಸಿಕ್ಕಿಸಿ ಬಂದೆ. ಹನ್ನೊಂದಕ್ಕೆ ನಿಲ್ಲಿಸುತ್ತಾನೋ ಇಲ್ಲವೋ ಎಂದು ನೋಡಲು ವೈರ್‌ಶಾರ್ಕ್ ಬೇಡ, ಚಿಕ್ಕಮ್ಮ ಇದ್ದಾರೆ :)